ಪರಿಷೆಯ ಕಡಲೆಕಾಯಿ, ಹೊಸೂರು ರಸ್ತೆಯ ಆಸ್ಪತ್ರೆ

ಬೆಂಗಳೂರಿಗೆ ಹೋಗಿ ಬಂದೆ ಎಂದರೆ ನಮ್ಮ ತಿಪಟೂರಿನ ಬೀದಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಏನೇನು ನೋಡಿದ್ರಿ?" ಲಾಲ್‌ಬಾಗು, ಇಸ್ಕಾನು, ಚಿಕ್ಕಪೇಟೆಯ ಸೀರೆ ಅಂಗಡಿ, ಏನಾದರೂ ಒಂದು ಹೇಳಲೇಬೇಕು. 2025ರ ನವೆಂಬರಿನಲ್ಲಿ ಮೂರು ವಾರ ಅಣ್ಣನ ಮನೆಯಲ್ಲಿದ್ದು ಬಂದಾಗ ನಾನು "ಬಸವನಗುಡಿ ಕಡಲೆಕಾಯಿ ಪರಿಷೆ" ಎಂದೆ. ಕೈಚೀಲದಲ್ಲಿ ಎರಡು ಸೇರು ಕಡಲೆಕಾಯಿಯೂ ಇತ್ತಲ್ಲ! ಎಲ್ಲರಿಗೂ ಹಂಚಿದೆ, ಎಲ್ಲರೂ ನಂಬಿದರು.

ಪರಿಷೆಗೆ ಹೋದದ್ದು ಸುಳ್ಳಲ್ಲ. ಆದರೆ ಅಲ್ಲಿ ಇದ್ದದ್ದು ಅರ್ಧ ಗಂಟೆ ಅಷ್ಟೆ. ನಾನು ನಿಜವಾಗಿ ನೋಡಿ ಬಂದ ಜಾಗ ನಿಮ್ಹಾನ್ಸ್. ಆ ಹೆಸರು ಹೇಳಿದರೆ ಎದುರಿನವರ ಮುಖ ಹೇಗಾಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಈಗ ಅಣ್ಣನೇ "ಬರಿ, ಆದರೆ ನನ್ನ ಹೆಸರು ಹಾಕಬೇಡ" ಎಂದಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ನಲವತ್ತಾರು, ಅಣ್ಣನಿಗೆ ಐವತ್ತೆರಡು. ನಾನು ಎಸ್ಸೆಸ್ಸೆಲ್ಸಿಗೆ ನಿಂತೆ. ಅವನು ಡಿಪ್ಲೊಮಾ ಮಾಡಿ ಬೆಂಗಳೂರು ಸೇರಿದ. ಪೀಣ್ಯದಲ್ಲಿ ಬಾಡಿಗೆ ಶೆಡ್ಡಿನಲ್ಲಿ ಒಂದು ಹಳೆಯ ಲೇತ್ ಯಂತ್ರ ಹಾಕಿಕೊಂಡು ಶುರು ಮಾಡಿದವನು. ಆ ಲೇತಿಗೆ ಅಮ್ಮ ತನ್ನ ಎರಡು ಬಳೆ ಕೊಟ್ಟಿದ್ದಳು. ಈಗ ಸ್ವಂತ ಕಟ್ಟಡ, ಕಂಪ್ಯೂಟರಿನಿಂದ ನಡೆಯುವ ಯಂತ್ರಗಳು, ನೂರಿಪ್ಪತ್ತು ಜನ ಕೆಲಸದವರು. ಅಲ್ಲಿ ತಯಾರಾದ ಬಿಡಿಭಾಗಗಳು ಜರ್ಮನಿಗೂ ಹೋಗುತ್ತವೆ. ಸಂಘದವರು ಕರೆದು ಶಾಲು ಹೊದಿಸಿದ್ದಾರೆ. ನಮ್ಮೂರ ಶಾಲೆಗೆ ಬೆಂಚು ಮಾಡಿಸಿಕೊಟ್ಟಿದ್ದಾನೆ. ನಮ್ಮ ಇಡೀ ಬಂಧುಬಳಗದಲ್ಲಿ ಯಾರ ಮನೆಯಲ್ಲಿ ಏನಾದರೂ "ಅಣ್ಣಂಗೊಂದು ಮಾತು ಹೇಳಿ" ಎನ್ನುವುದೇ ರೂಢಿ. ಅಣ್ಣನಿಗೇ ಏನಾದರೂ ಆದರೆ ಯಾರಿಗೆ ಹೇಳಬೇಕೆಂದು ಯಾರೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಅತ್ತಿಗೆ ಫೋನು ಮಾಡಿದ್ದು ಒಂದು ಗುರುವಾರ. "ನಿಮ್ಮಣ್ಣ ರಾತ್ರಿ ಮೂರು ಗಂಟೆಗೆ ಎದ್ದು ಹಾಲಿನಲ್ಲಿ ಓಡಾಡ್ತಾರೆ. ಎದೆ ನೋವು ಅಂತ ಎರಡು ಸಲ ತೋರಿಸಿದ್ದಾಯ್ತು, ಇಸಿಜಿ, ಎಕೋ ಎಲ್ಲಾ ಸರಿಯಿದೆ. ನೀನು ನಾಲ್ಕು ದಿನ ಬಂದಿರು. ಪರಿಷೆಗೆ ಅಂತ ಬಂದೆ ಅನ್ನು." ನಮ್ಮವರಿಗೆ ತಿಂಡಿ ಊಟದ ವ್ಯವಸ್ಥೆ ಪಕ್ಕದ ಮನೆಗೆ ವಹಿಸಿ, ಶನಿವಾರ ಬೆಳಿಗ್ಗೆ ರೈಲು ಹತ್ತಿದೆ. ಗುಬ್ಬಿ, ತುಮಕೂರು ದಾಟಿ ಯಶವಂತಪುರದಲ್ಲಿ ಇಳಿದಾಗ ಡ್ರೈವರ್ ಒಬ್ಬನೇ ಬಂದಿದ್ದ. ಮೊದಲಾದರೆ ಅಣ್ಣ ತಾನೇ ಬರುತ್ತಿದ್ದ.

ಮನೆಯಲ್ಲಿ ಅವನನ್ನು ನೋಡಿ ನನಗೆ ಗುರುತೇ ಸಿಗದಂತಾಯಿತು. ಕಾಲರಿನೊಳಗೆ ಕತ್ತು ಸಣ್ಣಗಾಗಿತ್ತು. ಅವನಿಗಿಷ್ಟವೆಂದು ರಾಗಿ ಮುದ್ದೆ, ಹುರುಳಿ ಬಸ್ಸಾರು ಮಾಡಿದ್ದೆ. ಅರ್ಧ ಮುದ್ದೆ ತಿಂದು ಎದ್ದ. ಮಾತಾಡಿದರೆ ಒಂದು ಕ್ಷಣ ತಡವಾಗಿ ಉತ್ತರ. ಮಾತು ದೂರದ ಊರಿನಿಂದ ಬರುತ್ತಿರುವ ಹಾಗೆ.

ಸಂಜೆ ಅತ್ತಿಗೆ ಒಂದು ಫೈಲು ತೋರಿಸಿದರು. "ನೋಡು, ಇಪ್ಪತ್ತೈದು ವರ್ಷದಿಂದ ಹೇಳ್ತಿದ್ದೆ, ಈಗ ಬುದ್ಧಿ ಬಂದಿದೆ. ಎಲ್‌ಐಸಿ, ಮನೆ ಪತ್ರ, ಬ್ಯಾಂಕಿನದು, ಎಲ್ಲಾ ಜೋಡಿಸಿ ಚೀಟಿ ಅಂಟಿಸಿ ನನ್ನ ಕೈಗೆ ಕೊಟ್ಟಿದ್ದಾರೆ." ಅತ್ತಿಗೆಗೆ ಸಂತೋಷ. ನನಗೆ ಮಾತ್ರ ಹೊಟ್ಟೆಯೊಳಗೆ ತಣ್ಣಗಾಯಿತು. ಕಾಫಿ ಡೇ ಕಟ್ಟಿದ ವಿ. ಜಿ. ಸಿದ್ಧಾರ್ಥ ಅವರ ಸುದ್ದಿ 2019ರ ಜುಲೈ ಕೊನೆಯಲ್ಲಿ ಬಂದಾಗ ನಮ್ಮ ಬೀದಿಯ ಹೆಂಗಸರೆಲ್ಲ ಟಿವಿ ಮುಂದೆ ಕೂತುಬಿಟ್ಟಿದ್ದೆವು. ಮಂಗಳೂರಿನ ಹತ್ತಿರ ನೇತ್ರಾವತಿ ಸೇತುವೆಯ ಮೇಲೆ ಕಾರಿನಿಂದಿಳಿದು ಹೋದವರು ಮತ್ತೆ ಜೀವಂತ ಸಿಗಲಿಲ್ಲ. "ಅಷ್ಟು ದೊಡ್ಡ ಮನುಷ್ಯನಿಗೆ ಏನು ಕಡಿಮೆಯಾಗಿತ್ತು?" ಎಂದು ಆಗ ನಾವೆಲ್ಲ ಆಡಿದ ಮಾತು. ಅವರ ಪತ್ನಿ ಮಾಳವಿಕಾ ಹೆಗ್ಡೆ 2020ರ ಡಿಸೆಂಬರಿನಲ್ಲಿ ಕಂಪನಿಯ ಹೊಣೆ ಹೊತ್ತಾಗ ಆಕೆಯ ಧೈರ್ಯವನ್ನೂ ಹೊಗಳಿದೆವು. ಆದರೆ ದೊಡ್ಡ ಮನುಷ್ಯನೊಬ್ಬ ರಾತ್ರಿ ಮೂರು ಗಂಟೆಗೆ ಎದ್ದರೆ ಹೋಗಿ ಕೂರುವುದಕ್ಕೆ ಜಾಗ ಎಲ್ಲಿದೆ ಎಂದು ಒಬ್ಬರೂ ಕೇಳಿಕೊಂಡಿರಲಿಲ್ಲ.

ಎಲ್ಲರೂ ಮಲಗಿದ ಮೇಲೆ ಬಾಲ್ಕನಿಗೆ ಹೋಗಿ 14416ಕ್ಕೆ ಫೋನು ಮಾಡಿದೆ. ಇದು ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರು ನನಗೆ ಗೊತ್ತಿದ್ದದ್ದು ಮಗಳ ಕಾಲೇಜಿನ ಗೋಡೆಯಲ್ಲಿ ನೋಡಿ. ಒಬ್ಬ ಹೆಣ್ಣುಮಗಳು ಸಮಾಧಾನವಾಗಿ ಕೇಳಿಸಿಕೊಂಡಳು. ಫೈಲಿನ ವಿಷಯ ಹೇಳಿದಾಗ, "ಅಮ್ಮಾ, ಸಾಯುವ ಯೋಚನೆ ಬರುತ್ತಿದೆಯಾ ಎಂದು ಅವರನ್ನು ನೇರವಾಗಿ ಕೇಳಿ" ಎಂದಳು. ನಾನು ಗಾಬರಿಯಾದೆ. ಇಲ್ಲದ ಯೋಚನೆ ನಾನೇ ತುಂಬಿದ ಹಾಗಾಗುವುದಿಲ್ಲವೇ? ಇಲ್ಲವಂತೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಒಬ್ಬನೇ ಬಿಡಬೇಡಿ, ಆದಷ್ಟು ಬೇಗ ವೈದ್ಯರಿಗೆ ತೋರಿಸಿ, ತೀರಾ ಅವಸರವಾದರೆ ನಿಮ್ಹಾನ್ಸಿನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ ಎಂದಳು.

ಮೂರು ಗಂಟೆಗೆ ಅಣ್ಣ ಎದ್ದ. ನಾನೂ ಎದ್ದೆ. ಹಾಲು ಬಿಸಿ ಮಾಡಿ ಕೊಟ್ಟು, ಹೇಗೋ ಬಾಯಿ ತೆರೆದು ಕೇಳಿಯೇಬಿಟ್ಟೆ. "ಅಣ್ಣಾ, ಸಾಯಬೇಕು ಅನ್ನಿಸ್ತಿದೆಯಾ?"

ಅವನು ಲೋಟ ಕೆಳಗಿಟ್ಟ. ಬಹಳ ಹೊತ್ತಿನ ಮೇಲೆ, "ಇನ್ಶೂರೆನ್ಸ್ ದುಡ್ಡು ಬಂದರೆ ಎಲ್ಲಾ ಸಾಲ ತೀರುತ್ತೆ ಅಂತ ಲೆಕ್ಕ ಹಾಕಿ ನೋಡಿದೀನಿ ಕಣೇ" ಎಂದ.

ಆಮೇಲೆ ಒಂದೊಂದೇ ಹೊರಬಂತು. ದೊಡ್ಡ ಕಂಪನಿಯೊಂದು ಏಳು ತಿಂಗಳಿನಿಂದ ಬಾಕಿ ಕೊಟ್ಟಿಲ್ಲ. ಸಣ್ಣ ಕೈಗಾರಿಕೆಯವರಿಗೆ ನಲವತ್ತೈದು ದಿನದೊಳಗೆ ಹಣ ಕೊಡಬೇಕೆಂದು 2006ರ ಕಾನೂನೇ ಇದೆಯಂತೆ. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಬರುತ್ತದೆಯೇ? ಹೊಸ ಯಂತ್ರಕ್ಕೆ ತೆಗೆದ ಸಾಲದ ಕಂತು ನಿಲ್ಲುವುದಿಲ್ಲ. ತಿಂಗಳ ಏಳನೇ ತಾರೀಕು ಸಂಬಳ ನಿಲ್ಲುವುದಿಲ್ಲ. ಯಾರ ಹತ್ತಿರ ಹೇಳುವುದು? ಕೆಲಸದವರಿಗೆ ಹೇಳಿದರೆ ಒಳ್ಳೆಯವರು ಬಿಟ್ಟು ಹೋಗುತ್ತಾರೆ. ಬ್ಯಾಂಕಿನವರಿಗೆ ಸುಳಿವು ಸಿಕ್ಕರೆ ಕೊಡೆ ಕಿತ್ತುಕೊಳ್ಳುತ್ತಾರೆ. ಜೊತೆಯ ಉದ್ಯಮಿಗಳಿಗೆ ಹೇಳಿದರೆ ಪೀಣ್ಯಕ್ಕೆಲ್ಲ ಗೊತ್ತಾಗುತ್ತದೆ. ಹೆಂಡತಿಗೆ ಹೇಳಿದರೆ ಹೆದರುತ್ತಾಳೆ. ಹೀಗೆ ಎರಡು ವರ್ಷದಿಂದ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಗುತ್ತಾ ಹೋಗಿದ್ದಾನೆ! ಎಷ್ಟು ಗೆದ್ದಿದ್ದಾನೋ ಅಷ್ಟೂ ಮುಚ್ಚಿಡಬೇಕು, ಇದೆಂಥ ಲೆಕ್ಕ ಅನ್ನಿಸಿತು ನನಗೆ.

ಭಾನುವಾರವೆಲ್ಲ ನಿಮ್ಹಾನ್ಸ್ ಎಂಬ ಮಾತಿಗೇ ಜಗಳ. ಅತ್ತಿಗೆ "ಅಲ್ಲಿಗೆ ಬೇಡ, ಮಗಳಿಗೆ ಗಂಡು ನೋಡಬೇಕು, ಸಾಡೇಸಾತಿ ಮುಗೀತಾ ಬಂತು" ಎಂದರು. ಅಣ್ಣ "ಹುಚ್ಚಾಸ್ಪತ್ರೆಗೆ ಹೋಗಿದ್ದ ಅಂದರೆ ನನ್ನ ಸಹಿಗೆ ಬೆಲೆ ಇರುತ್ತೇನೇ?" ಎಂದ. ನಾನು ಡಾ. ಸಿ. ಆರ್. ಚಂದ್ರಶೇಖರ್ ಅವರ ಬರಹಗಳನ್ನು ಪತ್ರಿಕೆಗಳಲ್ಲಿ ಓದಿಕೊಂಡು ಬಂದವಳು. ಖಿನ್ನತೆ ಎಂಬುದು ಕಾಯಿಲೆ, ಬಲಹೀನತೆಯಲ್ಲ ಎಂದು ನನಗೆ ತೋಚಿದ ಹಾಗೆ ಹೇಳಿದೆ. ಕೊನೆಗೆ ಒಂದು ರಾಜಿಯಾಯಿತು. ಬಿ.ಟಿ.ಎಂ. ಬಡಾವಣೆಯಲ್ಲಿ ನಿಮ್ಹಾನ್ಸಿನವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಎಂಬುದಿದೆ. ದೊಡ್ಡ ಆಸ್ಪತ್ರೆಯಿಂದ ದೂರ, ಮನೆಗಳ ನಡುವೆ. ಆಸ್ಪತ್ರೆ ಎಂದರೆ ಹಿಂಜರಿಯುವವರಿಗೆಂದೇ ಹಾಗೆ ಮಾಡಿದ್ದಾರೆ. ಅಲ್ಲಿಗಾದರೆ ಬರುತ್ತೇನೆ, ಆದರೆ ಕಾರು ಬೇಡ, ಡ್ರೈವರಿಗೆ ಗೊತ್ತಾಗುತ್ತದೆ ಎಂದ.

ಹೀಗೆ ಹತ್ತು ವರ್ಷದಿಂದ ಕಾರು ಬಿಟ್ಟು ಇಳಿಯದ ನಮ್ಮಣ್ಣ ಸೋಮವಾರ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದ. ನನಗೂ ಮೊದಲ ಸಲವೇ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ದಾಟಿ, ಲಾಲ್‌ಬಾಗ್ ದಾಟಿ, ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹಿಡಿಯಬೇಕು. ಈ ಹಳದಿ ಮಾರ್ಗ 2025ರ ಆಗಸ್ಟಿನಲ್ಲಷ್ಟೇ ಶುರುವಾದದ್ದು. ರೈಲು ಎತ್ತರದಲ್ಲಿ ಹೋಗುವಾಗ ಮಹಡಿ ಮನೆಗಳ ತಾರಸಿಯಲ್ಲಿ ಒಣಗಲು ಹಾಕಿದ ಹಪ್ಪಳ, ಸೀರೆ, ತುಳಸಿ ಕಟ್ಟೆ ಎಲ್ಲಾ ಕಾಣುತ್ತದೆ. ನೋಡಲು ಎರಡು ಕಣ್ಣು ಸಾಲದು. ಅಣ್ಣ ಮಾತ್ರ ಬಾಗಿಲ ಪಕ್ಕದ ಕಂಬಿ ಹಿಡಿದು ನಿಂತಿದ್ದ. ಅಷ್ಟರಲ್ಲಿ ಫ್ಯಾಕ್ಟರಿಯಿಂದ ಫೋನು ಬಂತು. "ಜಯದೇವ ಆಸ್ಪತ್ರೆ ಸ್ಟೇಷನ್ ಹತ್ತಿರ ಇದ್ದೀನಿ" ಎಂದ. ಆ ಕಡೆಯವರು "ಹಾರ್ಟ್ ಚೆಕಪ್ಪಾ ಸಾರ್, ಜೋಪಾನ" ಎಂದದ್ದು ನನಗೂ ಕೇಳಿಸಿತು. ಇವನು ಹ್ಞೂಂ ಎಂದ. ನೋಡಿ, ಹೃದಯಕ್ಕೆ ಕಾಯಿಲೆಯಾದರೆ ಮರ್ಯಾದೆ ಹೋಗುವುದಿಲ್ಲ!

ಆ ಕೇಂದ್ರದಲ್ಲಿ ಅವನೊಡನೆ ಕೂತದ್ದು ನನ್ನ ಮಗಳಿಗಿಂತ ಸ್ವಲ್ಪ ದೊಡ್ಡ ಹುಡುಗಿ. "ಓವರ್‌ಡ್ರಾಫ್ಟ್ ಅಂದರೇನು ಗೊತ್ತಿಲ್ಲದ ಮಗು ನನಗೇನು ಹೇಳಿಕೊಡುತ್ತೆ" ಎಂದು ಗೊಣಗುತ್ತಲೇ ಒಳಗೆ ಹೋದ. ನಾನು ಹೊರಗೆ ಕೂತೆ. ಒಂದು ಗಂಟೆಯಾದರೂ ಬರಲಿಲ್ಲ. ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿತ್ತು. ಆ ಹುಡುಗಿ ಉಪದೇಶ ಏನೂ ಮಾಡಲಿಲ್ಲವಂತೆ. "ಮೂರು ಗಂಟೆಗೆ ಎಚ್ಚರವಾದ ತಕ್ಷಣ ಮೊದಲು ಏನು ಕಾಣುತ್ತೆ ಸಾರ್?" ಎಂದು ಕೇಳಿದಳಂತೆ. "ಸಂಬಳದ ಪಟ್ಟಿ" ಎಂದನಂತೆ. "ಓದಿ ಸಾರ್" ಎಂದಳಂತೆ. ಇವನು ಒಂದೊಂದೇ ಹೆಸರು, ಅವರ ಮಕ್ಕಳ ಶಾಲೆಯ ಫೀಸು, ಅವರ ಮನೆ ಸಾಲ ಹೇಳುತ್ತಾ ಹೋಗಿ ಮೂವತ್ತು ನಲವತ್ತು ಹೆಸರಿಗೆ ಗಂಟಲು ಕಟ್ಟಿತಂತೆ. "ಇಷ್ಟೂ ಜನ ನಿಮ್ಮ ಜೊತೆ ಮಲಗುವ ಕೋಣೆಯಲ್ಲಿ ಇದ್ದಾರಲ್ಲ ಸಾರ್, ನಿದ್ದೆ ಹೇಗೆ ಬರಬೇಕು" ಎಂದಳಂತೆ. ಓವರ್‌ಡ್ರಾಫ್ಟ್ ಗೊತ್ತಿಲ್ಲದಿದ್ದರೆ ಏನು!

ಮಾತಿನ ಚಿಕಿತ್ಸೆ ಮುಂದುವರಿಸೋಣ, ಆದರೆ ಸಾವಿನ ಲೆಕ್ಕ ಹಾಕುವ ಮಟ್ಟಕ್ಕೆ ಬಂದಿರುವುದರಿಂದ ನಾಳೆಯೇ ದೊಡ್ಡ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಲೇಬೇಕು ಎಂದು ಬರೆದುಕೊಟ್ಟಳು. ಈ ಸಲ ಅಣ್ಣ ಎದುರು ಮಾತಾಡಲಿಲ್ಲ. ವಾಪಸು ಬರುವಾಗ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ "ಇಳಿಯೋಣ, ಪರಿಷೆಗೆ ಅಂತ ಬಂದವಳು ಬರಿಗೈಲಿ ಹೋಗಬಾರದು" ಎಂದು ಅವನೇ ಇಳಿಸಿದ. ಕಾರ್ತೀಕದ ಪರಿಷೆಯ ನೂಕುನುಗ್ಗಲಲ್ಲಿ ಅವನು ಚೌಕಾಸಿ ಮಾಡುವುದನ್ನು ಕೇಳಿ ನನಗೆ ಎಷ್ಟೋ ಹಗುರವಾಯಿತು.

ಮಂಗಳವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಹೊಸೂರು ರಸ್ತೆಯ ಆ ಭಾಗವೇ ಒಂದು ಆಸ್ಪತ್ರೆಗಳ ಊರು. ಕ್ಯಾನ್ಸರಿನ ಕಿದ್ವಾಯಿ, ಮಕ್ಕಳ ಆಸ್ಪತ್ರೆ, ಅದರ ನೆರೆಯಲ್ಲಿ ನಿಮ್ಹಾನ್ಸ್. ನಾನು ಸಿನಿಮಾದಲ್ಲಿ ನೋಡಿದ್ದ ಹಾಗೆ ಸರಪಳಿ, ಕಿರುಚಾಟ ಇರುತ್ತದೆಂದು ಸೆರಗು ಬಿಗಿ ಹಿಡಿದು ಹೋದೆ. ಒಳಗೆ ದೊಡ್ಡ ದೊಡ್ಡ ಮರಗಳು, ಹಳೆಯ ಕಲ್ಲು ಕಟ್ಟಡ, ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡ ಸಂಸಾರಗಳು. ಒಂದು ಜಾತ್ರೆ ಮೈದಾನದ ಹಾಗೆ, ಆದರೆ ಗಲಾಟೆಯಿಲ್ಲ. ರಾಯಚೂರಿನವರು, ಕೋಲಾರದವರು, ಆಂಧ್ರ, ತಮಿಳುನಾಡು, ಬಂಗಾಳದಿಂದ ಬಂದವರು. 1847ರಲ್ಲಿ ಹುಚ್ಚರ ಆಶ್ರಯ ಎಂದೇ ಬೆಂಗಳೂರಿನಲ್ಲಿ ಶುರುವಾದದ್ದಂತೆ ಇದರ ಮೂಲ. 1925ರಲ್ಲಿ ಮೈಸೂರು ಸರ್ಕಾರದವರು ಆ ಹೆಸರು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆದರು. 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. ಸರ್ಕಾರ ಹೆಸರು ತೆಗೆದು ನೂರು ವರ್ಷವಾಯಿತು, ನಮ್ಮ ಬಾಯಲ್ಲಿ ಇನ್ನೂ ಹೋಗಿಲ್ಲ. ಮನಸ್ಸಿನದಷ್ಟೇ ಅಲ್ಲ, ಮೂರ್ಛೆರೋಗ, ಪಾರ್ಶ್ವವಾಯು, ಮೆದುಳಿನ ಗಡ್ಡೆ, ಎಲ್ಲಕ್ಕೂ ಇಲ್ಲಿಗೇ ಬರುತ್ತಾರೆ.

ಸಾಲಿನಲ್ಲಿ ಕೂತಿದ್ದಾಗ, ಆಗಬಾರದೆಂದು ಅಣ್ಣ ಬೇಡಿಕೊಂಡಿದ್ದು ಆಯಿತು. "ಸಾರ್, ನೀವಿಲ್ಲಿ?"

ಅಣ್ಣನ ಫ್ಯಾಕ್ಟರಿಯ ಹಳೆಯ ಟರ್ನರ್. ಪಕ್ಕದಲ್ಲಿ ಮಗ, ಹದಿನಾರು ಹದಿನೇಳರ ಹುಡುಗ. ಅಣ್ಣ ಎದ್ದು ನಿಂತವನೇ, ಒಂದು ಉಸಿರಿಗೆ, "ಇವಳು ನನ್ನ ತಂಗಿ, ಊರಿಂದ ಕರ್ಕೊಂಡು ಬಂದೆ, ಸ್ವಲ್ಪ ಹುಷಾರಿಲ್ಲ" ಎಂದುಬಿಟ್ಟ! ಏನು ಮಾಡಲಿ? ನಾನು ತಲೆ ತಗ್ಗಿಸಿ ರೋಗಿಯ ಮುಖ ಮಾಡಿಕೊಂಡೆ. ಆತ ಪಾಪ, "ಬೇಗ ವಾಸಿಯಾಗುತ್ತೆ ಬಿಡಿ ಅಮ್ಮಾ" ಎಂದು ನನಗೆ ಧೈರ್ಯ ಹೇಳಿದ. ಐದು ನಿಮಿಷಕ್ಕೆ ಒಳಗಿನಿಂದ ಕೂಗಿದರು. ಕೂಗಿದ್ದು ಅಣ್ಣನ ಹೆಸರು. ಅಪ್ಪನ ಹೆಸರು ಸಮೇತ.

ನಾನು ಟರ್ನರನ ಕಡೆ ನೋಡಿದೆ. ಆತ ಗೋಡೆಯ ಕಡೆ ತಿರುಗಿ, ಅಲ್ಲಿದ್ದ ಬೋರ್ಡನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ನಾವು ಒಳಗೆ ಹೋಗುವವರೆಗೂ ತಿರುಗಲಿಲ್ಲ.

ವೈದ್ಯರು ವಿವರವಾಗಿ ಕೇಳಿದರು. ಖಿನ್ನತೆ ಎಂದರು. ಮಾತ್ರೆ ಬರೆದರು. ಇದು ತಲೆನೋವಿನ ಮಾತ್ರೆಯ ಹಾಗಲ್ಲ, ಗುಣ ಕಾಣಲು ಎರಡು ಮೂರು ವಾರ ಬೇಕು, ಸರಿಹೋಯಿತೆಂದು ನೀವಾಗಿ ನಿಲ್ಲಿಸಬಾರದು, ಅಷ್ಟು ದಿನ ಮನೆಯವರು ಕಣ್ಣಿಟ್ಟಿರಬೇಕು ಎಂದರು. ನಾನು ನಾಲ್ಕು ದಿನಕ್ಕೆಂದು ಬಂದವಳು ಮೂರು ವಾರ ನಿಂತದ್ದು ಇದಕ್ಕೆ. ಅಣ್ಣ ಮೂರು ಸಲ ಒಂದೇ ಪ್ರಶ್ನೆ ಕೇಳಿದ: "ಈ ಕಾಗದ ಯಾರು ಯಾರು ನೋಡ್ತಾರೆ ಡಾಕ್ಟ್ರೇ?" 2017ರ ಮಾನಸಿಕ ಆರೋಗ್ಯ ಕಾನೂನಿನಲ್ಲಿ ರೋಗಿಯ ವಿಷಯ ಗುಟ್ಟಾಗಿಡಬೇಕೆಂದು ಇದೆಯೆಂದು ಹೇಳಿದರು. ಬ್ಯಾಂಕಿನವರು ಬಂದು ಕೇಳಿದರೆ ತೆಗೆದುಕೊಡುವ ಹಾಗಿಲ್ಲ. ಆರೋಗ್ಯ ವಿಮೆಯವರೂ ಮನಸ್ಸಿನ ಕಾಯಿಲೆಯನ್ನು ಮೈ ಕಾಯಿಲೆಯ ಹಾಗೇ ನೋಡಬೇಕೆಂದು ಅದೇ ಕಾನೂನು ಹೇಳುತ್ತದಂತೆ. ಅಷ್ಟಾದರೂ ಮಾತ್ರೆ ತಂದದ್ದು ಮನೆ ಹತ್ತಿರದ ಅಂಗಡಿಯಿಂದಲ್ಲ, ನಾಲ್ಕು ಸ್ಟೇಷನ್ ಆಚೆಯಿಂದ!

ಮಾತಿನ ಚಿಕಿತ್ಸೆಗೆ ವಾರಕ್ಕೊಮ್ಮೆ ಬಿ.ಟಿ.ಎಂ.ಗೆ ಹೋಗುತ್ತಿದ್ದೆವು. ಅದರಲ್ಲಿ ಮಂತ್ರ ತಂತ್ರ ಏನಿಲ್ಲ. ಒಂದು ನೋಟ್ ಪುಸ್ತಕ. ಬಂದ ಯೋಚನೆ ಬರೆಯಬೇಕು, ಅದಕ್ಕೆ ಪುರಾವೆ ಏನು, ಎದುರು ಪುರಾವೆ ಏನು ಎಂದು ಪಕ್ಕದಲ್ಲಿ ಬರೆಯಬೇಕು. "ನಾನು ಬಿದ್ದರೆ ನೂರಿಪ್ಪತ್ತು ಮನೆ ಬೀಳುತ್ತೆ" ಎಂದು ಬರೆದಿದ್ದ. ಪಕ್ಕದಲ್ಲಿ ಬಹಳ ದಿನ ಖಾಲಿಯಿತ್ತು. ಹಾಸಿಗೆಗೆ ಫೋನು ಒಯ್ಯಬಾರದು, ಕೆಲಸದ ವಿಷಯ ಒಬ್ಬರಿಗಾದರೂ ದಿನಾ ಹೇಳಬೇಕು ಎಂಬುದೂ ಇತ್ತು. ಹೇಳಬೇಕಾದ ಆ ಒಬ್ಬರು ಅತ್ತಿಗೆಯೇ ಆದರು. ಬಿ.ಕಾಂ. ಓದಿದ ಹೆಂಗಸು, ಇಪ್ಪತ್ತೈದು ವರ್ಷ ಅವರನ್ನು ಹೆದರಿಕೊಳ್ಳುತ್ತಾಳೆಂದು ದೂರವಿಟ್ಟಿದ್ದ! ಬಾಕಿ ಪಟ್ಟಿ ನೋಡಿ ಅವರು ಹೆದರಲಿಲ್ಲ, ಬೈದರು.

ಎರಡು ವಾರ ಬಿಟ್ಟು ಮತ್ತೆ ದೊಡ್ಡ ಆಸ್ಪತ್ರೆಗೆ ಹೋದಾಗ ಸಮಯವಿತ್ತು. ಅದೇ ಆವರಣದಲ್ಲಿ ಮೆದುಳಿನ ವಸ್ತುಸಂಗ್ರಹಾಲಯ ಇದೆ. ಸಾರ್ವಜನಿಕರಿಗೆಂದು ತೆರೆಯುವ ದಿನಗಳಿವೆ, ನಾವು ಹೋದದ್ದು ಅಂಥ ದಿನ. ಗಾಜಿನ ಜಾಡಿಗಳ ಸಾಲು, ದಾನವಾಗಿ ಬಂದ ಮೆದುಳುಗಳು. ಕೈಗವಸು ಹಾಕಿಸಿ ಒಂದನ್ನು ನಿಜವಾಗಿಯೂ ನಮ್ಮ ಕೈಗೆ ಕೊಡುತ್ತಾರೆ! ನಾನು ದೇವರ ಹೆಸರು ಹೇಳಿಕೊಂಡು ಹಿಡಿದೆ. ಒಂದೂಕಾಲು, ಒಂದೂವರೆ ಕಿಲೋದ ನಡುವೆ, ಒಂದು ಎಳೆ ಹೂಕೋಸಿನಷ್ಟು. ಯಾರ ತಲೆಯಲ್ಲಿತ್ತೋ, ಯಾವ ಮಕ್ಕಳ ಮದುವೆ ಚಿಂತೆ ಮಾಡಿತ್ತೋ. ಮೈ ತೂಕದಲ್ಲಿ ನೂರಕ್ಕೆ ಎರಡು ಭಾಗ ಇದ್ದುಕೊಂಡು, ಶಕ್ತಿಯಲ್ಲಿ ಇಪ್ಪತ್ತು ಭಾಗ ತಾನೇ ತಿನ್ನುತ್ತದಂತೆ. ಅಣ್ಣ ಅದನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದ. ಮೈಕ್ರಾನ್ ಲೆಕ್ಕದಲ್ಲಿ ಬದುಕಿದವನಲ್ಲವೇ! "ಇಷ್ಟೊಂದು ಲೋಡ್ ಎಳೆಯೋ ಯಂತ್ರಕ್ಕೆ ನಾನು ಒಂದು ದಿನವೂ ಎಣ್ಣೆ ಬಿಟ್ಟಿಲ್ಲ ಕಣೇ" ಎಂದ.

ಆ ಟರ್ನರನ ವಿಷಯ ಹೇಳಬೇಕು. ಮರುದಿನವೇ ಫ್ಯಾಕ್ಟರಿಗೆಲ್ಲ ಸುದ್ದಿಯಾಗುತ್ತದೆಂದು ಅಣ್ಣ ನಿದ್ದೆಗೆಟ್ಟಿದ್ದ. ಒಂದು ಪಿಸುಮಾತೂ ಹುಟ್ಟಲಿಲ್ಲ. ವಾರ ಕಳೆದ ಮೇಲೆ ಅಣ್ಣನೇ ಆತನನ್ನು ಕೋಣೆಗೆ ಕರೆದು, "ಅವತ್ತು ಸುಳ್ಳು ಹೇಳಿದೆ. ಆಸ್ಪತ್ರೆಗೆ ಬಂದಿದ್ದು ನನಗೇ" ಎಂದನಂತೆ. "ಗೊತ್ತು ಸಾರ್" ಎಂದನಂತೆ ಆತ. ಮಗನಿಗೆ ಮೂರ್ಛೆರೋಗ. ಹನ್ನೊಂದು ವರ್ಷದಿಂದ ಅಲ್ಲಿಗೆ ಬರುತ್ತಿದ್ದಾನೆ. ರಜೆ ಚೀಟಿಯಲ್ಲಿ ಪ್ರತಿ ಸಲ "ಸ್ವಂತ ಕೆಲಸ" ಎಂದು ಬರೆದು, ಸಂಬಳ ಕಡಿತ ಮಾಡಿಸಿಕೊಂಡು. ಆಸ್ಪತ್ರೆಯ ಹೆಸರು ಹೇಳಿದರೆ ಯಜಮಾನರು ಏನೆಂದುಕೊಳ್ಳುತ್ತಾರೋ ಎಂಬ ಭಯ. ಆ ಚೀಟಿಗಳಿಗೆಲ್ಲ ಸಹಿ ಹಾಕಿದವನು ಅಣ್ಣ. ಹೊರಡುವಾಗ ಆತ, "ಮುಂದಿನ ಸಲ ಇನ್ನೂ ಬೇಗ ಬನ್ನಿ ಸಾರ್, ಸಾಲು ಕಡಿಮೆ ಇರುತ್ತೆ" ಎಂದು ಹೇಳಿ ಹೋದನಂತೆ.

ಎಲ್ಲಾ ಸರಿಹೋಯಿತೆಂದು ನಾನು ಬರೆಯಲಾರೆ. ಆ ದೊಡ್ಡ ಕಂಪನಿ ಅರ್ಧ ಬಾಕಿ ಮಾತ್ರ ಕೊಟ್ಟಿದೆ. ಉಳಿದದ್ದಕ್ಕೆ ಅತ್ತಿಗೆ ಕೂತು ಕಾನೂನಿನ ಪ್ರಕಾರ ದೂರು ಬರೆಸಿದ್ದಾರೆ. ಒಂದು ಯಂತ್ರ ಮಾರಿದರು. ಮಾತ್ರೆ ನಡೆಯುತ್ತಿದೆ. ಮೂರು ಗಂಟೆಯ ಎಚ್ಚರ ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆ. ಆ ಫೈಲು ಈಗ ಬ್ಯಾಂಕಿನ ಲಾಕರಿನಲ್ಲಿದೆ, ಬೀಗದ ಕೈ ಅತ್ತಿಗೆಯ ಹತ್ತಿರ.

ಮೊನ್ನೆ ಗುರುವಾರ ಮಧ್ಯಾಹ್ನ ಹಪ್ಪಳ ಒತ್ತುತ್ತಿದ್ದೆ, ಫೋನು ಬಂತು. ಹಿಂದೆ ರೈಲಿನ ಸದ್ದು.

"ಎಲ್ಲಿದೀಯಣ್ಣಾ?"

"ಆರ್.ವಿ. ರಸ್ತೆ. ಬಿ.ಟಿ.ಎಂ.ಗೆ ಹೊರಟಿದ್ದೀನಿ. ಈಗ ಡ್ರೈವರಿಗೂ ಹೇಳಿದೀನಿ ಕಣೇ, ಕಾರೇ ತರಬಹುದಿತ್ತು. ಮೆಟ್ರೋದಲ್ಲಿ ಕಿಟಕಿ ಪಕ್ಕ ಜಾಗ ಸಿಗುತ್ತೆ ಅಂತ ಬಂದೆ. ಪರಿಷೆ ಕಡಲೆಕಾಯಿ ಇನ್ನೂ ಉಳಿದಿದೆಯೇನೇ?"

ಮುಗಿದುಹೋಯಿತು ಎಂದೆ. ಬೀದಿಗೆಲ್ಲ ಹಂಚಿದ್ದೆನಲ್ಲ.